ಮೋಟಾರಿನ ಬೀಗದ ಕೈ

ಕೆ.ಆರ್. ಪುರದ ನಮ್ಮ ಕಟ್ಟಡದಲ್ಲಿ ಎಂಟು ಬಾಡಿಗೆ ಮನೆಗಳಿವೆ. ನೀರಿನ ಮೋಟಾರಿನ ಸ್ವಿಚ್ಚು ಮಾತ್ರ ಒಂದೇ. ಅದಕ್ಕೊಂದು ತಗಡಿನ ಡಬ್ಬಿ, ಡಬ್ಬಿಗೊಂದು ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡಾಗಿನಿಂದ ಅದು ಅಲ್ಲಿಯೇ ಇತ್ತು. ಆಟೋಮ್ಯಾಟಿಕ್ ಹಾಕಿಸು ಎಂದವರಿಗೆಲ್ಲ ಒಂದೇ ಉತ್ತರ: ಮನುಷ್ಯರನ್ನೇ ನಂಬದವಳು ಯಂತ್ರವನ್ನು ನಂಬುತ್ತೇನೆಯೇ?

ಯೋಗದಲ್ಲಿ ನಾನೇನೂ ಸಾಮಾನ್ಯಳಲ್ಲ. ಇಂದಿರಾನಗರದ ತರಗತಿಗೆ ಆರು ವರ್ಷ ಹೋಗಿದ್ದೇನೆ, ಮೊದಲು ಬಸ್ಸಿನಲ್ಲಿ, ಆಮೇಲೆ ಮೆಟ್ರೋದಲ್ಲಿ. ಐವತ್ತೆಂಟರಲ್ಲೂ ಐದು ನಿಮಿಷ ಶೀರ್ಷಾಸನದಲ್ಲಿ ನಿಲ್ಲುತ್ತೇನೆ. ಪಕ್ಕದ ಚಾಪೆಯ ಐಟಿ ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆದರೆ ಕೊನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾಣಾಯಾಮಕ್ಕೆ ಕೂತರೆ ನಾನು ಚಾಪೆ ಸುತ್ತಿಕೊಂಡು ಹೊರಡುತ್ತಿದ್ದೆ. ಮನೆಯಲ್ಲಿ ಕೆಲಸವಿದೆ ಎನ್ನುತ್ತಿದ್ದೆ. ನಿಜವೆಂದರೆ, ಸುಮ್ಮನೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಅದು ನನಗೆ ನಾಚಿಕೆಯ ವಿಷಯವಾಗಿತ್ತು.

ಕಳೆದ ವರ್ಷ ಮೇಲಿನ ಮಹಡಿಗೆ ಕಲಬುರಗಿ ಕಡೆಯ ಹೆಂಗಸೊಬ್ಬಳು ಬಾಡಿಗೆಗೆ ಬಂದಳು. ಮಾರತ್ತಹಳ್ಳಿಯ ಕ್ಯಾಂಟೀನೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ. ಒಂದು ಬೆಳಿಗ್ಗೆ ಟ್ಯಾಂಕ್ ನೋಡಲು ಹೋದರೆ ಅವಳು ತಾರಸಿಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಮೊಣಕಾಲಿನ ಹತ್ತಿರವೇ ಕಾಗೆ ಓಡಾಡುತ್ತಿತ್ತು. ಅವಳಿಗೆ ಅದರ ಪರಿವೆಯೇ ಇಲ್ಲ. ಚಿಕ್ಕಂದಿನಲ್ಲಿ ಊರಿನ ಮಠದಲ್ಲಿ ಕಲಿತದ್ದಂತೆ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

"ನಂಗೂ ಹೇಳ್ಕೊಡಮ್ಮ" ಎಂದೆ.

"ಮೊದ್ಲ ಇಪ್ಪತ್ತು ನಿಮಿಷ ಏಳದಂಗ ಕುಂದರಬೇಕ್ರಿ ಅಕ್ಕಾರ. ಅದಾದ ಮ್ಯಾಲ ಮುಂದಿಂದು ಹೇಳ್ತೀನಿ."

ಬಾಡಿಗೆಯವಳು ಮನೆ ಓನರಿಗೆ ಷರತ್ತು ಹಾಕುವುದೇ! ಆದರೂ ಕೂತೆ. ಅವಳು ಮೆಲ್ಲಗೆ ಎಣಿಸುತ್ತಿದ್ದಳು: ನಾಲ್ಕು ಎಣಿಸುವಷ್ಟರಲ್ಲಿ ಉಸಿರು ಒಳಗೆ, ಎಂಟಕ್ಕೆ ಹೊರಗೆ. ಅವಳು ಕೆಲಸಕ್ಕೆ ಹೊರಡುವ ಮೊದಲು ಸಿಗುತ್ತಿದ್ದುದು ಅದೊಂದೇ ಹೊತ್ತು, ಮೋಟಾರು ಓಡಬೇಕಾದದ್ದೂ ಅದೇ ಹೊತ್ತು. ಟ್ಯಾಂಕು ತುಂಬುತ್ತ ನೀರಿನ ಸದ್ದು ಬದಲಾದರೆ ಸಾಕು, ನಾನು ಎದ್ದು ಅಷ್ಟೂ ಮೆಟ್ಟಿಲು ಇಳಿದು ಓಡುತ್ತಿದ್ದೆ. ಹದಿನೈದು ದಿನ ಇದೇ ಆಯಿತು. ಅವಳು ಮಾರನೆಯ ದಿನ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಿದ್ದಳು. ಹದಿನಾರನೆಯ ದಿನ ಕೈ ಚಾಚಿದಳು.

"ಆ ಕೀಲಿ ಕೊಡ್ರಿ. ಅದನ್ನ ಸೊಂಟದಾಗ ಸಿಗಿಸ್ಕೊಂಡು ಕುಂತ್ರ ಉಸಿರು ಹೊಟ್ಟಿಗಿ ಹ್ಯಾಂಗ ಇಳೀತದ?"

"ನೀರು ವೇಸ್ಟಾದ್ರೆ ನೀನ್ ತಂದ್ಕೊಡ್ತೀಯಾ?" ಎಂದು ರೇಗಿದೆ.

ಚಾಚಿದ ಕೈ ಹಾಗೆಯೇ ಇತ್ತು. ಕೊನೆಗೆ ಸೊಂಟದಿಂದ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟೆ. ನಾನು ಒಂದು ಗಳಿಗೆ ಕಣ್ಣು ತಪ್ಪಿಸಿದರೆ ಈ ಮನೆ ನಿಲ್ಲುವುದಿಲ್ಲ ಎಂಬ ಭಯ ಹನ್ನೊಂದು ವರ್ಷದಿಂದ ನನ್ನನ್ನು ಆಳುತ್ತಿತ್ತು. ಅವಳು ಅದನ್ನು ತೆಗೆದುಕೊಂಡು ಕೆಳಗೆ ಹೋಗಿ, ಬರಿಗೈಯಲ್ಲಿ ಬಂದು ನನ್ನ ಎದುರು ಕೂತಳು.

ಕೂತು ಸ್ವಲ್ಪ ಹೊತ್ತಿಗೆ ನೀರಿನ ಸದ್ದು ಬದಲಾಯಿತು. ತೊಡೆಗಳು ತಾವಾಗಿ ಬಿಗಿದವು.

"ಉಸಿರು ಬಿಡ್ರಿ, ಅವಸರ ಬ್ಯಾಡ" ಎಂದಳು.

ಟ್ಯಾಂಕು ತುಂಬಿ ನೀರು ತಾರಸಿಗೆ ಸುರಿಯಿತು. ಚಾಪೆಯ ಅಡಿಗೆ ಹರಿದು ಬಂದು ಸೀರೆ ಒದ್ದೆಯಾಯಿತು. ನಾನು ಅಲುಗಲಿಲ್ಲ. ತಲೆ ಕೆಳಗಾಗಿ ನಿಲ್ಲುವುದು ಇದರ ಮುಂದೆ ಮಕ್ಕಳಾಟ. ಏಳೆಂಟು ಉಸಿರು ಕಳೆದ ಮೇಲೆ ಮೋಟಾರು ನಿಂತಿತು. ಆಮೇಲೆ ನನಗೆ ಕೇಳಿಸಿದ್ದು ನನ್ನ ಉಸಿರೊಂದೇ. ಒಳಗೆ ತಣ್ಣಗೆ, ಹೊರಗೆ ಬೆಚ್ಚಗೆ. ಇಪ್ಪತ್ತು ನಿಮಿಷ ಯಾವಾಗ ಮುಗಿಯಿತೋ ತಿಳಿಯಲಿಲ್ಲ.

ಕಣ್ಣು ತೆರೆದಾಗ ಅವಳು ಕೂತಲ್ಲೇ ಕೂತಿದ್ದಳು. ಹಾಗಾದರೆ ಸ್ವಿಚ್ಚು ಆರಿಸಿದ್ದು ಯಾರು? ಕೆಳಗೆ ಇಳಿದು ನೋಡಿದೆ. ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಬಾಡಿಗೆದಾರರು, ನೆಲಮಹಡಿಯ ನಿವೃತ್ತ ಮೇಷ್ಟ್ರು, ಡಬ್ಬಿಯ ಪಕ್ಕ ಬೀಗದ ಕೈ ಹಿಡಿದು ನನಗಾಗಿ ಕಾಯುತ್ತ ನಿಂತಿದ್ದರು.

"ಸಾರಿ ಅಮ್ಮ, ಬೀಗ ಯಾವ ಕಡೆ ತಿರುಗ್ಸೋದು ಅಂತ ಗೊತ್ತಾಗ್ಲಿಲ್ಲ, ಎರಡು ನಿಮಿಷ ಲೇಟಾಯ್ತು" ಎಂದರು. ಆಮೇಲೆ ಸಂಕೋಚದಿಂದ ಸೇರಿಸಿದರು: "ನೀವು ಓಡ್ಬರೋದನ್ನ ದಿನಾ ಕಿಟಕಿಯಿಂದ ನೋಡ್ತೀನಿ. ನಾನೇ ಆಫ್ ಮಾಡ್ಲಾ ಅಂತ ಕೇಳೋಣ ಅಂದ್ರೆ, ಹನ್ನೊಂದು ವರ್ಷದಿಂದ ಧೈರ್ಯ ಬರ್ಲಿಲ್ಲ."

ಬೀಗದ ಕೈಯನ್ನು ನನ್ನ ಕಡೆಗೆ ಚಾಚಿದರು. ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ.

"ಇಟ್ಕೊಳ್ಳಿ ಸಾರ್. ನಾಳೆ ಎರಡು ನಿಮಿಷ ಮುಂಚೆ ಆಫ್ ಮಾಡಿ" ಎಂದೆ. "ನಾನು ಮೇಲೆ ಕೂತಿರ್ತೀನಿ."