ಪದ್ಮಾವತಿ ಅಕ್ಕೋರ ಹತ್ತು ನಿಮಿಷ

ಮೊನ್ನೆ ಅಟ್ಟ ಗುಡಿಸುವಾಗ ಒಂದು ರೆಕ್ಸಿನ್ ಚೀಲ ಕೈಗೆ ಬಂತು. ಜಿಪ್ಪು ತುಕ್ಕು ಹಿಡಿದಿತ್ತು; ಜಗ್ಗಿ ತೆಗೆದರೆ ಸೈಕ್ಲೋಸ್ಟೈಲ್ ಶಾಯಿಯ ಹಳೆಯ ವಾಸನೆ ಮೂಗಿಗೆ ಬಡಿಯಿತು. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಯೌವನ ನೆನಪಾಗುತ್ತದಂತೆ. ನನಗೆ ಇದಕ್ಕೆ. ನಗಬೇಡಿ, ನನ್ನ ಯೌವನದ ಒಳ್ಳೆಯ ಭಾಗ ಶೈಕ್ಷಣಿಕ ತಂತ್ರಜ್ಞಾನದ ಪರಿಷತ್ತುಗಳಲ್ಲೇ, ಅಂದರೆ ಶಿಕ್ಷಕರ ಸಮ್ಮೇಳನಗಳಲ್ಲೇ, ಕಳೆದದ್ದು.

ಎಪ್ಪತ್ತರ ದಶಕದ ಕೊನೆಯ ಮಾತು. ಗಡಹಿಂಗ್ಲಜದವನಾದ ನಾನು ಮರಾಠಿ ಸೀಮೆಯ ಮಗ್ಗದ ಊರು ಇಚಲಕರಂಜಿಯ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಕೊಲ್ಲಾಪುರದಲ್ಲಿ ಮೊದಲ ಸಲ ಅಂಥ ಪರಿಷತ್ತಿಗೆ ಹೋದಾಗ, ಗೋಡೆಯ ಮೇಲೆ ಬೆಳಕಿನಲ್ಲಿ ಅಕ್ಷರ ಮೂಡಿಸುವ ಯಂತ್ರ ನೋಡಿ ದಂಗಾದೆ. ಅದಕ್ಕಿಂತ ಹೆಚ್ಚಾಗಿ, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು 'ಪ್ರತಿನಿಧಿ' ಎನ್ನಿಸಿಕೊಳ್ಳುವ ಸುಖಕ್ಕೆ ಮನಸೋತೆ. ಆಮೇಲೆ ಕರೆ ಬಂದಲ್ಲಿಗೆಲ್ಲ ಹೋದೆ. ಮಧ್ಯಾಹ್ನದ ಗೋಷ್ಠಿಗಳಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದೆ. ಅದೂ ಒಂದು ತಂತ್ರಜ್ಞಾನವೇ. ಮನೆಗೆ ಬಂದಾಗ ನನ್ನ ಹೆಂಡತಿ ಕೇಳುವುದು ಒಂದೇ ಪ್ರಶ್ನೆ: "ಈ ಸಲ ಏನ್ ಕಲ್ತು ಬಂದ್ರಿ? ತಿನ್ನಾಕ ಮಿಸಳ ಎಲ್ಲಿ ಚಲೋ ಸಿಗತೈತಿ ಅನ್ನೂದಾ?" ಅದಕ್ಕೆ ನನ್ನ ಬಳಿ ಉತ್ತರವೂ ಇರುತ್ತಿತ್ತು.

ಹೀಗೆ ಪರಿಷತ್ತಿಗೊಂದರಂತೆ ಕೊಡುವ ಚೀಲ ಕೂಡಿಸುತ್ತ ಕೂಡಿಸುತ್ತ ನಾನು ಶಾಲೆಯಲ್ಲಿ 'ತಜ್ಞ'ನಾದೆ. ಒಂದು ದಿನ ಹೆಡ್‌ಮಾಸ್ತರರು, "ಬರೇ ಮಂದೀ ಮನ್ಯಾಗ ಉಂಡ್ರ ಹೆಂಗ್ರಿ? ಒಂದ್ಸಲ ನಾವೂ ಕರೀಬೇಕಲ್ಲ" ಎಂದರು. ಪರಿಷತ್ತು ನಡೆಸುವ ಹೊಣೆ ನನ್ನ ಹೆಗಲಿಗೆ ಬಿತ್ತು.

ದಿನ ಗೊತ್ತು ಮಾಡುವುದರಲ್ಲೇ ಸುಸ್ತಾದೆ. ಶಾಲೆಯ ಎರಡೂ ಬದಿಗೆ ಮಗ್ಗದ ಶೆಡ್ಡುಗಳು. ಕರೆಂಟ್ ಇದ್ದ ದಿನ ಮಗ್ಗ ಓಡುತ್ತವೆ, ಮಾತು ಕೇಳಿಸುವುದಿಲ್ಲ. ವಾರಕ್ಕೊಮ್ಮೆ ಮಗ್ಗಕ್ಕೆ ರಜೆ. ಆದರೆ ಆ ರಜೆ ಕೊಡುವುದೇ ಅಂದು ಕರೆಂಟ್ ಇರುವುದಿಲ್ಲವೆಂದು. ಎರಡು ವಾರ ತಲೆ ಕೆರೆದುಕೊಂಡು, ಯಂತ್ರಗಳ ಪರಿಷತ್ತಿಗೆ ಕರೆಂಟೇ ಮುಖ್ಯವೆಂದು ತೀರ್ಮಾನಿಸಿದೆ. ನನ್ನದೇ ಕಂಠದಲ್ಲಿ ಒಂದು ವ್ಯಾಕರಣ ಪಾಠವನ್ನು ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿಯೂ ಇಟ್ಟೆ.

ಆಗ ಮೂರನೆಯ ಇಯತ್ತೆಗೆ ಕಲಿಸುವ ಪದ್ಮಾವತಿ ಅಕ್ಕೋರು ನನ್ನ ಮೇಜಿನ ಬಳಿ ಬಂದರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಮನೆಯಲ್ಲೇ ನಾಲ್ಕು ಮಗ್ಗ ಇದ್ದವರು, ಆದರೆ ಮಾತು ಭಾಳ ಮೆತ್ತಗೆ.

"ಸರ್, ನನಗೊಂದ್ ಹತ್ತು ನಿಮಿಷ ಕೊಡ್ತೀರೇನ್ರಿ? ನಮ್ಮ ಹುಡುಗೂರ ಕೂಡ ಒಂದ್ ಪಾಠ ಮಾಡಿ ತೋರಸ್ತೇನಿ."

"ನಿಮ್ಮ ಕಡೆ ಉಪಕರಣ ಏನೈತ್ರಿ?"

"ಪಾಟಿ ಅದಾವ್ರಿ."

ಮಕ್ಕಳು ಬರೆಯುವ ಸ್ಲೇಟು! ನಾನು ನಕ್ಕೆ. "ಅಕ್ಕೋರ, ಇದು ತಂತ್ರಜ್ಞಾನದ ಪರಿಷತ್ತು" ಎಂದೆ. "ಹೌದ್ರಿ" ಎಂದು ಅವರು ಹೊರಟುಹೋದರು.

ಪರಿಷತ್ತಿನ ದಿನ ಕೊಲ್ಲಾಪುರದಿಂದ ಬಂದ ಹಿರಿಯ ಪ್ರಾಧ್ಯಾಪಕರು ಮುಂದಿನ ಸಾಲಿನಲ್ಲಿ ಕುಳಿತರು. ನಾನು ಗುಂಡಿ ಒತ್ತಿದೆ. ಟೇಪು ತಿರುಗಿತು, ಮಗ್ಗಗಳು ಖಟಖಟ ಎಂದವು, ನನ್ನ ಕಂಠ ಎಲ್ಲಿ ಹೋಯಿತೋ! ದನಿ ಏರಿಸಿದರೆ ಪೆಟ್ಟಿಗೆ ಗೊರಗೊರ ಎಂದಿತು. ಪ್ರಾಧ್ಯಾಪಕರು ಕಿವಿಗೆ ಕೈ ಹಚ್ಚಿ, "ಅಹೋ ಗುರುಜಿ, ಕಾಹೀಚ ಐಕೂ ಯೇತ ನಾಹೀ!" ಎಂದು ಕೂಗಿದರು. ಏನೂ ಕೇಳಿಸುತ್ತಿಲ್ಲ ಎಂಬ ಆ ಮಾತೊಂದೇ ಎಲ್ಲರಿಗೂ ಕೇಳಿಸಿತು. ಮಂದಿ ಚಹಾದ ಕಡೆ ಎದ್ದರು. ಹೆಡ್‌ಮಾಸ್ತರರು ನನ್ನ ಮುಖ ನೋಡದೆ ಅಕ್ಕೋರಿಗೆ ಸನ್ನೆ ಮಾಡಿದರು. ಅಕ್ಕೋರು ಅವರ ಬಳಿಯೂ ಹತ್ತು ನಿಮಿಷ ಕೇಳಿದ್ದರಂತೆ.

ಅಕ್ಕೋರು ಮಕ್ಕಳನ್ನು ಕರೆತಂದು ನೆಲದ ಮೇಲೆ ಕೂಡಿಸಿ, ತಾವು ಕಿಟಕಿಗೆ ಮುಖ ಮಾಡಿ ಬೆಳಕಿನಲ್ಲಿ ನಿಂತರು. ದನಿ ಏರಿಸಲೇ ಇಲ್ಲ. ಒಂದೊಂದು ಶಬ್ದವನ್ನೂ ತುಟಿ ಬಿಡಿಸಿ ಸಾವಕಾಶ ಆಡುತ್ತ, ಬೆರಳಿನಿಂದ ತೋರಿಸುತ್ತ ಪ್ರಶ್ನೆ ಕೇಳಿದರು. ಮಕ್ಕಳೆಲ್ಲ ಉತ್ತರ ಬರೆದು ಪಾಟಿಗಳನ್ನು ಒಟ್ಟಿಗೆ ಎತ್ತಿ ಹಿಡಿದರು. ಯಾರದು ಸರಿ, ಯಾರದು ತಪ್ಪು ಎಂಬುದು ಒಂದೇ ನೋಟಕ್ಕೆ ಕಂಡಿತು. ಮಗ್ಗದವರು ಆ ಸದ್ದಿನ ನಡುವೆ ತಮ್ಮತಮ್ಮೊಳಗೆ ಮಾತಾಡುವ ರೀತಿಯೇ ಅದು. ಮಕ್ಕಳು ಅದನ್ನು ಮನೆಯಿಂದಲೇ ಕಲಿತು ಬಂದಿದ್ದರು. ಚಹಾದ ಕಪ್ಪು ಹಿಡಿದವರು ಹಾಗೆಯೇ ನಿಂತುಬಿಟ್ಟರು.

ಮುಂದಿನದನ್ನು ಹೇಳಲು ಈಗಲೂ ನಾಲಿಗೆ ತೊಡರುತ್ತದೆ. ಆ ಪಾಠದ ಬಗ್ಗೆ ನಾನೊಂದು ಪ್ರಬಂಧ ಬರೆದು, ಅದಕ್ಕೆ 'ನಿಶ್ಶಬ್ದ ಬೋಧನಾ ತಂತ್ರ' ಎಂಬ ಭಾರವಾದ ಹೆಸರಿಟ್ಟು, ನನ್ನ ಹೆಸರಿನಲ್ಲಿ ಕೊಲ್ಲಾಪುರದ ಪರಿಷತ್ತಿಗೆ ಕಳಿಸಿದೆ. ಅದರಲ್ಲಿ ಅಕ್ಕೋರು 'ಓರ್ವ ಶಿಕ್ಷಕಿ' ಕೂಡ ಆಗಿರಲಿಲ್ಲ. ಅದನ್ನು ಓದಲು ವೇದಿಕೆ ಹತ್ತಿದಾಗ ನೋಡುತ್ತೇನೆ, ಕೊನೆಯ ಸಾಲಿನಲ್ಲಿ ಅವರೇ ಕುಳಿತಿದ್ದಾರೆ! ಹೆಡ್‌ಮಾಸ್ತರರು ಈ ಸಲ ಅವರನ್ನೂ ಪ್ರತಿನಿಧಿಯಾಗಿ ಕಳಿಸಿದ್ದರು. ಓದಿ ಮುಗಿಸಿದೆ. ಈ ವಿಚಾರ ನಿಮಗೆ ಹೇಗೆ ಹೊಳೆಯಿತು ಎಂದು ಅಧ್ಯಕ್ಷರು ಕೇಳಿದರು. ಅಕ್ಕೋರ ಹೆಸರು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ದೀರ್ಘ ಅನುಭವದಿಂದ" ಎಂದೆ. ಚಪ್ಪಾಳೆ ಬಿತ್ತು. ಅಕ್ಕೋರು ತಲೆ ತಗ್ಗಿಸಿ ವಹಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ತಪ್ಪಿಸಿಕೊಂಡು ಹೋಗೋಣವೆಂದರೆ ಆ ಹೊತ್ತಿನಲ್ಲಿ ಊರಿಗೆ ಇದ್ದದ್ದು ಒಂದೇ ಬಸ್ಸು. "ಬರ್ರಿ ಸರ್, ಜಾಗಾ ಹಿಡ್ದೇನಿ" ಎಂದು ಅವರೇ ಕರೆದರು. ಹಾತಕಣಂಗಲೆ ದಾಟಿದ ಮೇಲೆ ಅವರು ವಹಿ ತೆರೆದು, "ನಿಮ್ಮ ಪ್ರಬಂಧದಾಗ ಒಂದ್ ತಪ್ಪೈತ್ರಿ" ಎಂದರು.

"ಗೊತ್ತೈತ್ರಿ ಅಕ್ಕೋರ. ನಿಮ್ಮ ಹೆಸರು..."

"ಹೆಸರಿಂದಲ್ರಿ. ಶಿಕ್ಷಕ ಕಿಟಕಿಗೆ ಬೆನ್ನ ಮಾಡಿ ನಿಂದ್ರಬೇಕಂತ ಓದಿದ್ರಿ. ಹಂಗ ನಿಂತ್ರ ಮಾರಿ ಕಪ್ಪಾಗತೈತಿ, ತುಟಿ ಕಾಣೂದಿಲ್ಲ. ನಿಮ್ಮ ಮಾತು ನಂಬಿ ಯಾರರ ಹಂಗ ಮಾಡಿದ್ರ ಆ ಹುಡುಗೂರಿಗೆ ಏನೂ ತಿಳಿಯೂದಿಲ್ರಿ. ಅಷ್ಟು ತಿದ್ದಿ ಕಳಸ್ರಿ."

ಕಬ್ಬಿನ ಗದ್ದೆಗಳ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಹೆಸರಿಂದೂ ಬ್ಯಾಸರಾತ್ರಿ. ಇಲ್ಲಂತ ಹ್ಯಾಂಗ ಹೇಳ್ಲಿ?"

ಮರುದಿನವೇ ನಾನು ಕೊಲ್ಲಾಪುರಕ್ಕೆ ಪತ್ರ ಬರೆದು ಎರಡನ್ನೂ ತಿದ್ದಿದೆ. ಆಮೇಲಿನ ಕರೆಗಳೆಲ್ಲ ಅಕ್ಕೋರಿಗೇ ಬಂದವು, ಬರಬೇಕಾದದ್ದೂ ಅಲ್ಲಿಗೇ. ಮುಂದಿನ ಪರಿಷತ್ತು ನಡೆದದ್ದು ನನ್ನದೇ ಊರು ಗಡಹಿಂಗ್ಲಜದಲ್ಲಿ. ಪಾಟಿಗಳ ಗಂಟು ಹೊತ್ತುಕೊಂಡು ನಾನೂ ಅವರ ಜೊತೆ ಹೋದೆ. ಬಸ್ ಸ್ಟ್ಯಾಂಡಿನಿಂದಲೇ ನನ್ನನ್ನು ಹಿಂಬಾಲಿಸಿ ಬಂದಿದ್ದ ನನ್ನ ಚಿಕ್ಕಪ್ಪ, ಕಾಕಾ, ಸಭೆಯಲ್ಲಿ ಕೇಳಿದರು, "ಏನೋ, ನೀ ಸ್ಟೇಜ್ ಮ್ಯಾಲ ಇಲ್ಲೇನು?"

"ಇಲ್ಲ ಕಾಕಾ. ನಾ ಕೇಳಾಕ ಬಂದೇನಿ."

ಅಷ್ಟೊಂದು ಪರಿಷತ್ತುಗಳಲ್ಲಿ ನಾನು ಮೊದಲಿನಿಂದ ಕೊನೆಯವರೆಗೆ ಎಚ್ಚರವಿದ್ದು ಕೇಳಿದ ಭಾಷಣ ಅಕ್ಕೋರದೊಂದೇ.

ಇಷ್ಟು ಬರೆದು, ಚಲೋ ಬಂದಿದೆ ಎನ್ನಿಸಿ, ಈಗಷ್ಟೇ ಹೆಂಡತಿಗೆ ಓದಿ ಹೇಳಿದೆ. ಅವಳು ಅವರೇಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಮರುದಿನಾ ಬರದ್ರಿ? ಹದಿನೈದು ದಿನಾ ಉಂಡಿಲ್ಲ, ಮಲಗಿಲ್ಲ. ಮೊದಲನೇ ಪತ್ರದಾಗ ಕಿಟಕಿ ಅಷ್ಟ ತಿದ್ದಿ ಹಾಕಿ ಬಂದ್ರಿ. ಹೆಸರು ಬರ್ಯಾಕ ಎರಡನೇ ಪತ್ರ ಬೇಕಾತು ನಿಮಗ."

'ಮರುದಿನವೇ' ಎಂಬುದನ್ನು ಹೊಡೆದುಹಾಕಲು ಪೆನ್ನು ಎತ್ತಿದೆ. ಆಮೇಲೆ ಮನಸ್ಸು ಬದಲಿಸಿ ಅದನ್ನು ಹಾಗೆಯೇ ಬಿಟ್ಟು, ಅವಳ ಮಾತನ್ನೂ ಕೆಳಗೆ ಬರೆದಿದ್ದೇನೆ.