ಗುಲಾಬಿ ಅತ್ತೆ ಪಾಸ್ತಾ ಕಲಿತದ್ದು

ಎಣ್ಣೆ ಕಾಯುವ ಮೊದಲೇ ಬೆಳ್ಳುಳ್ಳಿ ಹಾಕಬೇಕು. ಸಣ್ಣ ಉರಿಯಲ್ಲಿ ಅದು ನಿಧಾನವಾಗಿ ಬೆಚ್ಚಗಾಗುತ್ತ, ಅಂಚು ಮಾತ್ರ ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಏಳುವ ಪರಿಮಳದಲ್ಲಿ ಒಗ್ಗರಣೆಯ ಖಾರವಿಲ್ಲ, ಘಾಟಿಲ್ಲ. ಒಂದು ಮೆದುವಾದ ಸಿಹಿ ಇದೆ. ಮುಲುಂಡಿನ ನನ್ನ ಅಡುಗೆಮನೆಯಲ್ಲಿ ಆ ಪರಿಮಳ ಎದ್ದರೆ ಸಾಕು, ಮಗಳು ಒಳಗಿನ ಕೋಣೆಯಿಂದಲೇ "ಮಮ್ಮಾ, ಪಾಸ್ತಾ ಬನ್ ರಹಾ ಹೈ?" ಎಂದು ಕೂಗುತ್ತಾಳೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ನಾಲಿಗೆ ತಡವರಿಸುತ್ತದೆ. ಈ ವಾಸನೆ ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಅವಳಿಗೆ ಹೇಗೆ ಹೇಳುವುದು? ಅವಳ ಪಾಲಿಗೆ ಅದು ಪಾಸ್ತಾ. ನನಗೆ ಭಾಂಡುಪಿನ ಚಾಳಿನ ಒಂದು ಕೋಣೆ, ಅದರಲ್ಲಿ ಸ್ಟವ್ ಮುಂದೆ ಸೆರಗು ಸಿಕ್ಕಿಸಿ ನಿಂತ ಗುಲಾಬಿ ಅತ್ತೆ.

ಆ ಚಾಳು ಈಗಿಲ್ಲ. ಅದಿದ್ದಲ್ಲಿ ದೊಡ್ಡ ಟವರ್ ಎದ್ದಿದೆ, ನಮ್ಮ ಮನೆಯ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ನಿಮ್ಮದೂ ಅಂಥ ಒಂದು ಮನೆ ಇದ್ದೀತು. ಹೋಗಿ ನೋಡಿದರೆ ಒಂದು ಇಟ್ಟಿಗೆಯೂ ಸಿಗದು, ಕಣ್ಣು ಮುಚ್ಚಿದರೆ ಗೋಡೆಯ ಬಿರುಕೂ ಕಾಣುತ್ತದೆ. ಒಂದು ಕೋಣೆ, ಅದಕ್ಕಂಟಿದ ಇಷ್ಟಗಲದ ಅಡುಗೆಮನೆ, ಮೇಲೆ ಪಾತ್ರೆ ಹಾಸಿಗೆ ತುಂಬುವ ಅಟ್ಟ. ಹೊರಗೆ ಉದ್ದಕ್ಕೂ ಎಲ್ಲ ಮನೆಗಳಿಗೂ ಸೇರಿದ ಗ್ಯಾಲರಿ. ಬೇಸಿಗೆಯಲ್ಲಿ ಪಕ್ಕದ ಮನೆಯ ಮಾಬೂಬಿ ಚಾಚಿ ಆ ಗ್ಯಾಲರಿಯ ಹಗ್ಗದ ಮೇಲೆ ಶಾವಿಗೆ ಒಣಹಾಕುತ್ತಿದ್ದಳು. ವಿಜಾಪುರದ ಕಡೆಯವಳು, ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ಆ ಬಿಳಿ ಎಳೆಗಳ ಕೆಳಗೆ ತಲೆ ಬಗ್ಗಿಸಿ ಓಡಾಡುತ್ತಿದ್ದಾಗ ಹಸಿ ಗೋದಿಯ ವಾಸನೆ ಮೂಗಿಗೆ ತಾಗುತ್ತಿತ್ತು. ದೂರದಲ್ಲಿ ಲೋಕಲ್ ರೈಲು ಹೋಗುವ ಸದ್ದು, ನಲ್ಲಿಗೆ ನೀರು ಬಂತೆಂದು ಯಾರಾದರೂ ಕೂಗುವ ಸದ್ದು.

ಅಪ್ಪ ಮುಲುಂಡ್ ಸ್ಟೇಶನ್ ಬಳಿಯ ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಮಾತು ಕಡಿಮೆ. ನಗು ಇನ್ನೂ ಕಡಿಮೆ. ಅವರ ತಂಗಿ ಗುಲಾಬಿ ಅತ್ತೆ ಕಾರ್ಕಳದ ಹತ್ತಿರದ ಗಂಡನ ಮನೆಯಿಂದ ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಬಟ್ಟೆಯ ಚೀಲವೊಂದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಮೊಣಕೈಯಿಂದ ಕೆಳಗೆ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು. ಅಮ್ಮ ಅವಳನ್ನು ಕೂರಿಸಿ, ಆ ಕೈಗೆ ತೆಂಗಿನೆಣ್ಣೆ ಹಚ್ಚಿದಳು. ಅಪ್ಪ ಸಂಜೆ ಬಂದು "ಯಾವಾಗ ಬಂದಿ?" ಎಂದರು, ಅಷ್ಟೇ.

ಅಂದಿನಿಂದ ಅತ್ತೆ ನನ್ನ ಅತ್ತೆಯಾದಳು. ನನ್ನ ಜಡೆ ಹೆಣೆಯುವವಳು, ಶಾಲೆಯ ಗೇಟಿನವರೆಗೆ ಬರುವವಳು, ರಾತ್ರಿ ಚಾಪೆಯ ಮೇಲೆ ನನ್ನ ಪಕ್ಕ ಮಲಗುವವಳು ಅವಳೇ. ಅವಳಿಲ್ಲದ ಮನೆ ಹೇಗಿತ್ತು ಎಂಬುದೇ ನನಗೆ ಮರೆತುಹೋಗಿತ್ತು. ಹಾಗಿರುವಾಗ ಒಂದು ದಿನ ಅಪ್ಪ ಹೋಟೆಲಿನಿಂದ ಬಂದವರು ಅಂಗಿ ಬಿಚ್ಚದೆಯೇ ಹೇಳಿದರು: "ಭಾವ ಫೋನ್ ಮಾಡಿದ್ರು. ಬರುವ ಆದಿತ್ಯವಾರ ಬಂದು ನಿನ್ನನ್ನು ಕರ್ಕೊಂಡು ಹೋಗ್ತಾರಂತೆ."

ಅತ್ತೆ ಅಲಸಂಡೆ ಮುರಿಯುತ್ತಿದ್ದಳು. ಕೈ ನಿಂತಿತು. "ನಾನು ಹೋಗುದಿಲ್ಲ ಅಣ್ಣ."

"ಹಾಗಾದ್ರೆ ನಾನೆಂತ ಹೇಳುದು ಅವರಿಗೆ? ಊರಲ್ಲಿ ಜನ ಮಾತಾಡ್ತಾರೆ."

"ನನಗೆ ಒಂದು ಕೆಲಸ ಸಿಕ್ಕಿದ್ರೆ? ನನ್ನ ಖರ್ಚು ನಾನೇ ನೋಡಿಕೊಂಡ್ರೆ?"

ಅಪ್ಪ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದರು. ಬೇಡವೆನ್ನಲಿಲ್ಲ. ಅತ್ತೆ ಆ ಮೌನದಲ್ಲಿ ಕಾಲಿಡುವಷ್ಟು ಜಾಗ ಹುಡುಕಿಕೊಂಡಳು.

ದಾರಿ ತೋರಿಸಿದವಳು ಮಾಬೂಬಿ ಚಾಚಿ. ಮುಲುಂಡಿನ ಒಂದು ಗುಜರಾತಿ ಮನೆಯ ಸೀರೆಗಳಿಗೆ ಅವಳು ಫಾಲ್ ಹಚ್ಚಿಕೊಡುತ್ತಿದ್ದಳು. "ಆ ಮನಿ ಅಮ್ಮಾರಿಗೆ ಮೊಣಕಾಲು ನೋವು ಭಾಳ ಐತ್ರೀ. ಅಡಗಿ ಮಾಡಾಕ ಹೆಣ್ಮಗಳು ಬೇಕಂತ. ನಾಳೆನ ಹೋಗ್ರಿ ಗುಲಾಬಿಬಾಯಿ," ಎಂದಳು. ಮರುದಿನ ಅತ್ತೆ ಅಮ್ಮನ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಿಂದಿ ಮಾತಿಗೆ ಆಸರೆಯಾಗಿ ನನ್ನನ್ನೂ ಕರೆದುಕೊಂಡು ಹೋದಳು. ನೆಲದಲ್ಲಿ ಮುಖ ಕಾಣುವಂಥ ಫ್ಲ್ಯಾಟು. ಸೋಫಾದ ಮೇಲೆ ಕಾಲು ಚಾಚಿ ಕುಳಿತ ನರೆಗೂದಲ ಹೆಂಗಸು. ದಾಲ್ ಆತಾ ಹೈ? ರೋಟಿ ಆತಾ ಹೈ? ಎಲ್ಲ ಮಾಡಲು ಬರುತ್ತದೆ ಎಂಬಂತೆ ಅತ್ತೆ ಪ್ರತಿಯೊಂದಕ್ಕೂ "ಆತಾ ಹೈ" ಎಂದಳು. "ಔರ್ ಬಚ್ಚೋಂ ಕೇ ಲಿಯೇ ಪಾಸ್ತಾ?" ಎಂದು ಆಕೆ ಕೇಳಿದರು. ಅತ್ತೆ ಅರೆಕ್ಷಣ ನನ್ನ ಮುಖ ನೋಡಿ, ಅದೇ ದನಿಯಲ್ಲಿ "ಆತಾ ಹೈ" ಎಂದುಬಿಟ್ಟಳು. ಹಾಗಾದರೆ ಭಾನುವಾರ ಬಾ, ಮೊಮ್ಮಕ್ಕಳು ಬರುತ್ತಾರೆ, ಮಾಡಿ ತೋರಿಸು ಎಂದರು. ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಅಷ್ಟೇ. "ಮಸಾಲಾ ಬಿಲ್ಕುಲ್ ನಹೀಂ. ಇಟಾಲಿಯನ್ ಜೈಸಾ."

ಮೆಟ್ಟಿಲಿಳಿಯುವಾಗ ಅತ್ತೆ ನನ್ನ ಭುಜ ಹಿಡಿದು ನಿಲ್ಲಿಸಿದಳು. "ಪಾಸ್ತಾ ಅಂದ್ರೆ ಎಂತ ಮಗಾ?"

ನಾನೂ ಅದನ್ನು ಟಿವಿಯಲ್ಲಿ ಮಾತ್ರ ಕಂಡಿದ್ದೆ. ದಾರಿಯ ಅಂಗಡಿಯಲ್ಲಿ ಪ್ಯಾಕೆಟ್ ಸಿಕ್ಕಿತು, ಗಿಡ್ಡ ಕೊಳವೆಗಳಂಥದ್ದು. ಅದರ ಬೆನ್ನಿನ ಮೇಲಿದ್ದ ಇಂಗ್ಲಿಷನ್ನು ನಾನು ಓದಿ ಹೇಳಿದೆ. ಕುದಿಯುವ ಉಪ್ಪುನೀರಿಗೆ ಹಾಕಬೇಕು, ಕಚ್ಚಿದರೆ ನಡುವೆ ತುಸು ಗಟ್ಟಿ ಇರುವಾಗ ಇಳಿಸಬೇಕು. "ಬೇಯದ್ದನ್ನು ಮಕ್ಕಳಿಗೆ ಕೊಡುದಾ?" ಎಂದು ಅತ್ತೆ ನಂಬಲಿಲ್ಲ. ಅನ್ನದ ಹಾಗೆ ಬೇಯಿಸಿದಳು. ಅದು ಮುದ್ದೆಯಾಯಿತು. ಎರಡನೆಯ ಸಲ ಹದವಾಗಿ ಬೆಂದಿತು, ಆದರೆ ಎಣ್ಣೆ ಕಾದದ್ದೇ ಅವಳ ಕೈ ತಾನಾಗಿ ಒಗ್ಗರಣೆ ಡಬ್ಬಿಗೆ ಹೋಗಿ ಸಾಸಿವೆ, ಕರಿಬೇವು ಹಾಕಿಬಿಟ್ಟಿತು. ರುಚಿ ನೋಡಲು ಕರೆದಿದ್ದ ಮಾಬೂಬಿ ಚಾಚಿ ಬಾಯಾಡಿಸಿ, "ಚಲೋ ಐತ್ರೀ. ಆದ್ರ ಇದು ನಮ್ಮ ಶಾವಗಿ ಉಪ್ಪಿಟ್ಟ ಆತಲ್ರೀ!" ಎಂದಳು. ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕಳು. ನಗುತ್ತ ನಗುತ್ತಲೇ ಗೋಡೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಆಗಲೇ ತಿಳಿದದ್ದು, ಈ ಕೊಳವೆಗಳು ಸರಿಯಾಗಿ ಬೇಯದಿದ್ದರೆ ಅತ್ತೆ ಹೋಗಿಬಿಡುತ್ತಾಳೆ ಎಂದು.

ಅಮ್ಮ ಒಗ್ಗರಣೆ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು. "ಈಗ ಮಾಡು ಗುಲಾಬಿ," ಎಂದಳು.

ಮೂರನೆಯ ಸಲ ಪಾಸ್ತಾ ಬೇಯುವ ಹೊತ್ತಿಗೆ ಸಿಲಿಂಡರ್ ಮುಗಿಯಲು ಬಂದಿತ್ತು. ಉರಿ ಎಷ್ಟು ತಿರುಗಿಸಿದರೂ ನೀಲಿ ಚುಕ್ಕೆಗಳಷ್ಟೇ. ತಣ್ಣನೆಯ ಎಣ್ಣೆಯಲ್ಲಿ ಬಿದ್ದ ಬೆಳ್ಳುಳ್ಳಿ ಚಟಪಟ ಎನ್ನಲಿಲ್ಲ. ಸುಮ್ಮನೆ ಕುಳಿತು, ಬಹಳ ಹೊತ್ತಿನ ಮೇಲೆ ಮೆಲ್ಲಗೆ ಪರಿಮಳ ಬಿಡತೊಡಗಿತು. ಅತ್ತೆ ಸಿಪ್ಪೆ ಸುಲಿದ ಟೊಮೆಟೊಗಳನ್ನು ಕೈಯಲ್ಲೇ ಹಿಸುಕಿ ಹಾಕಿದಳು. ರಸ ಗಟ್ಟಿಯಾಗುತ್ತ ಕೆಂಪು ಕಡುವಾಯಿತು. ಪಾಸ್ತಾ ಬೆಂದ ನೀರನ್ನು ನಾನು ಚೆಲ್ಲಲು ಹೊರಟಾಗ ಅವಳು ಬೈದಳು: "ಗಂಜಿತಿಳಿ ಯಾರಾದ್ರೂ ಚೆಲ್ತಾರಾ?" ಒಂದು ಸೌಟು ತೆಗೆದು ಆ ರಸಕ್ಕೆ ಸುರಿದಳು. ಬಿಡಿಬಿಡಿಯಾಗಿದ್ದ ಎಣ್ಣೆಯೂ ಟೊಮೆಟೊವೂ ಒಂದಾಗಿ, ಪ್ರತಿ ಕೊಳವೆಗೂ ಹೊಳಪಾಗಿ ಅಂಟಿಕೊಂಡವು. ನಾವು ನಾಲ್ವರು ಹೆಂಗಸರು ತಟ್ಟೆಯ ಸುತ್ತ ಕುಳಿತು ತಿಂದೆವು. ಇಟಲಿಯವರದು ಹೇಗಿರುತ್ತದೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ಇದು ಉಪ್ಪಿಟ್ಟು ಅಲ್ಲ ಎಂಬುದಂತೂ ಖಚಿತವಾಗಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ ಹೊರಟುಹೋದ ಸ್ವಲ್ಪ ಹೊತ್ತಿಗೇ ಅವಳ ಗಂಡ, ನನ್ನ ಮಾವ, ಬಂದರು. ಒಗೆದ ಬಿಳಿ ಅಂಗಿ, ಕೈಯಲ್ಲಿ ಒಂದು ಹಲಸಿನ ಹಪ್ಪಳದ ಕಟ್ಟು. ಮಂಚದ ಮೇಲೆ ಕುಳಿತು, ಅಮ್ಮ ಕೊಟ್ಟ ಚಹಾ ಕುಡಿದು, "ಅವಳ ಬಟ್ಟೆಬರೆ ಕಟ್ಟಿ ಇಟ್ಟಿದ್ದೀರಲ್ಲ?" ಎಂದು ಕೇಳಿದರು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ನಾನು ಬಾಗಿಲಲ್ಲಿ ನಿಂತು ಗ್ಯಾಲರಿಯ ತುದಿ ನೋಡುತ್ತಿದ್ದೆ. ಅವಳು ಬರಲಿ ಎಂದೂ ಬಾರದಿರಲಿ ಎಂದೂ ಒಟ್ಟಿಗೇ ಬೇಡಿಕೊಳ್ಳುತ್ತಿದ್ದೆ.

ಅತ್ತೆ ಬಂದಳು. ಹೊಸ್ತಿಲಲ್ಲಿ ಆ ಬಿಳಿ ಅಂಗಿ ಕಂಡು ಅವಳ ಮುಖದ ರಕ್ತ ಇಳಿದುಹೋಯಿತು. ಆದರೂ ನೇರ ಒಳಗೆ ನಡೆದು, ಗಂಡನತ್ತ ನೋಡದೆ, ಅಮ್ಮನಿಗೆ ಹೇಳಿದಳು: "ಅತ್ತಿಗೆ, ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡು ತಿಂದ್ರು. ನಾಳೆಯಿಂದ ಬರ್ಲಿಕ್ಕೆ ಹೇಳಿದ್ದಾರೆ." ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಉಳಿದದ್ದನ್ನು ಆ ಮನೆಯವರೇ ಕಟ್ಟಿಕೊಟ್ಟಿದ್ದರು.

"ಅದೆಲ್ಲ ಬೇಡ, ಹೊರಡು," ಎಂದರು ಮಾವ.

ಅಮ್ಮ ಅವರ ಮಾತು ಕೇಳಿಸದವಳಂತೆ ಡಬ್ಬಿ ತೆರೆದು ಎರಡು ತಟ್ಟೆಗೆ ಬಡಿಸಿದಳು. ಮಾವ ಒಂದು ಕೊಳವೆಯನ್ನು ಬೆರಳ ತುದಿಯಿಂದ ಆಚೆ ನೂಕಿ, "ಇದೆಂತ, ಹುಳದ ಹಾಗೆ," ಎಂದರು. ಅಪ್ಪ ತಮ್ಮ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿಧಾನವಾಗಿ, ಎಲ್ಲವನ್ನೂ ತಿಂದು ಮುಗಿಸಿದರು. ಕೈ ತೊಳೆದು ಬಂದರು.

"ಅವಳು ಬರ್ಲಿಕ್ಕಿಲ್ಲ ಭಾವ."

"ಅವಳು ನನ್ನ ಹೆಂಡತಿ."

"ಅವಳ ಕೈ ನೋಡಿದ್ದೇನೆ ನಾನು," ಎಂದರು ಅಪ್ಪ. ದನಿ ಏರಿರಲಿಲ್ಲ. "ಬಂದ ದಿನವೇ ನೋಡಿದ್ದೇನೆ. ಏಳಿ, ಸ್ಟೇಶನ್‌ವರೆಗೆ ನಾನೇ ಬರ್ತೇನೆ."

ಅವರಿಬ್ಬರ ಹೆಜ್ಜೆ ಮೆಟ್ಟಿಲಿಳಿದು ಕೇಳಿಸದಾದ ಮೇಲೆ ಅತ್ತೆ ಗೋಡೆಗೆ ಒರಗಿದವಳು ಹಾಗೇ ಜಾರಿ ನೆಲಕ್ಕೆ ಕುಳಿತಳು. ಮಾವ ತಿನ್ನದೆ ಬಿಟ್ಟ ತಟ್ಟೆಯನ್ನು ಎಳೆದುಕೊಂಡು ಗಬಗಬ ತಿನ್ನತೊಡಗಿದಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ನಾನು ಹೋಗಿ ಅವಳ ಮಡಿಲಲ್ಲಿ ಮುಖವಿಟ್ಟೆ. ಅಷ್ಟು ಹಗುರಾದ ಉಸಿರನ್ನು ನಾನು ಆಮೇಲೆ ಹೆರಿಗೆಯ ಕೋಣೆಯಲ್ಲಿ ಮಾತ್ರ ಬಿಟ್ಟದ್ದು.

ಮಾವ ಮತ್ತೆ ಬರಲಿಲ್ಲ. ಆ ಗುಜರಾತಿ ಮನೆಯ ಮೊಮ್ಮಕ್ಕಳು ಬೆಳೆದು ದೊಡ್ಡವರಾಗುವವರೆಗೂ ಅತ್ತೆ ಅಲ್ಲೇ ಅಡುಗೆ ಮಾಡಿದಳು. ಮುಂದೆ ಭಾಂಡುಪಿನಲ್ಲೇ ತನ್ನದೇ ಒಂದು ಕೋಣೆ ಹಿಡಿದಳು. ಅಪ್ಪ ಹೋದರು, ಮಾಬೂಬಿ ಚಾಚಿಯ ಮನೆಯವರು ಎಲ್ಲಿಗೋ ಹೋದರು, ಚಾಳು ಬಿತ್ತು. ಕಳೆದ ಮಳೆಗಾಲದಲ್ಲಿ ಅತ್ತೆಯೂ ತೀರಿಹೋದಳು. ಬಂದವರಲ್ಲಿ ಕೆಲವರು "ಪಾಪ, ಒಂಟಿ ಜೀವ" ಎಂದರು. ನಮ್ಮ ಮನೆಯ ಚಾಪೆಯ ಮೇಲೆ ಮೊದಮೊದಲು ಅವಳು ಮಂಡಿ ಮಡಚಿ, ಮುಷ್ಟಿ ಬಿಗಿದು, ಬಾಗಿಲಿಗೆ ಮುಖ ಮಾಡಿ ಮಲಗುತ್ತಿದ್ದುದು ನನಗೆ ಗೊತ್ತು. ಅವಳ ಸ್ವಂತ ಕೋಣೆಗೆ ರಜೆಯ ಮಧ್ಯಾಹ್ನ ಹೋದಾಗ ಕಂಡದ್ದೂ ಗೊತ್ತು. ಬಾಗಿಲು ತೆರೆದೇ ಇತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಗುಲಾಬಿ ಅತ್ತೆ ನೆಲದ ಮೇಲೆ ಅಂಗಾತ ಬಿದ್ದುಕೊಂಡು, ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ, ಗ್ಯಾಲರಿಯ ತುದಿಗೂ ಕೇಳಿಸುವಂತೆ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಲು ಮನಸ್ಸಾಗದೆ ನಾನು ಹೊಸ್ತಿಲ ಮೇಲೆ ಕುಳಿತು ಬಹಳ ಹೊತ್ತು ಅದನ್ನೇ ಕೇಳುತ್ತಿದ್ದೆ.