ಗಿರಿಜಕ್ಕನ ಹೊಲಿಗೆ ಬಿಚ್ಚಿದ ಮಧ್ಯಾಹ್ನಗಳು

ಗಿರಿಜಕ್ಕನ ಕಣ್ಣು ಮಂಜಾಗುತ್ತಿದೆ ಎಂಬುದು ಅವರಿಗಿಂತ ಮೊದಲು ನನಗೆ ಗೊತ್ತಾಗಿತ್ತು. ನಾನು ಹೇಳಲಿಲ್ಲ. ಹೇಳಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ — ಅವರಿಗೆ ಗೊತ್ತಾಗದ ಹಾಗೆ ನೋಡಿಕೊಂಡೆ. ಎರಡೂ ಬೇರೆ ಬೇರೆ ಎಂದು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ಅವರ ಮನೆ. ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ತಿಪಟೂರಿನಿಂದ ಬಂದ ನಾನು ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ಗಂಡ ತೀರಿಕೊಂಡ ಮೇಲೆ ಗಿರಿಜಕ್ಕ ಹೊರಗೆ ಹೋಗುವುದನ್ನೇ ಬಿಟ್ಟಿದ್ದರಂತೆ. ನಾನು ಬರುವ ಹೊತ್ತಿಗೆ ಅವರ ಹಿತ್ತಲಿನ ಸೌದೆ ಒಲೆಯ ಮೇಲೆ ಸದಾ ಒಂದು ಬಣ್ಣದ ಪಾತ್ರೆ ಕುದಿಯುತ್ತಿತ್ತು — ದಾಳಿಂಬೆ ಸಿಪ್ಪೆ, ಟೀ ಸೊಪ್ಪು, ಮಂಜಿಷ್ಠದ ಬೇರು. ಚೌಕಚೌಕವಾಗಿ ನೇಯ್ದ ಮ್ಯಾಟಿ ಬಟ್ಟೆಯನ್ನು ಪಟಿಕದ ನೀರಿನಲ್ಲಿ ನೆನೆಸಿ, ಅದರೊಳಗೆ ಅದ್ದಿ, ಕೋಲಿನಿಂದ ಎತ್ತಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ‘ಇನ್ನೊಂದು ಚೂರು’ ಎಂದು ಮತ್ತೆ ಅದ್ದುತ್ತಿದ್ದರು. ಅಳತೆ ಇಲ್ಲ, ಗಡಿಯಾರ ಇಲ್ಲ. ಕಣ್ಣೇ ಎಲ್ಲ.

ಒಣಗಿದ ಬಟ್ಟೆಯ ಮೇಲೆ ಅವರು ಕ್ರಾಸ್ ಸ್ಟಿಚ್ ಹಾಕುತ್ತಿದ್ದರು. ನನಗೂ ಕಲಿಸಿದ್ದರು; ನಾನು ಅದನ್ನು ಮುಗಿಸಿ ಕೊಡುತ್ತಿದ್ದೆ. ಮುಗಿಸುವುದೆಂದರೆ ಹಿಂಬದಿಯ ದಾರದ ತುದಿಗಳನ್ನು ಸಿಕ್ಕಿಸಿ ಕತ್ತರಿಸುವುದು, ಅಂಟುವಾಳದ ನೀರಿನಲ್ಲಿ ಹಿಂಡದೆ ತೊಳೆಯುವುದು, ಟವೆಲ್ ಮೇಲೆ ಕವುಚಿ ಹಾಕಿ ಇಸ್ತ್ರಿ ಮಾಡುವುದು, ರಟ್ಟಿಗೆ ಎಳೆದು ಕಟ್ಟುವುದು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಅಂಗಡಿಯವರು ನಮ್ಮಿಂದ ತೆಗೆದುಕೊಳ್ಳುತ್ತಿದ್ದರು. ಬಟ್ಟೆಯ ಹಿಂಭಾಗ ನೋಡುತ್ತಿದ್ದವಳು ನಾನೊಬ್ಬಳೇ. ಅದಕ್ಕೇ ಮೊದಲು ಕಂಡದ್ದೂ ನನಗೆ.

ಮೊದಲ ಸಲ ಒಂದು ದಿಂಬಿನ ಕವರಿನಲ್ಲಿ. ಗಿರಿಜಕ್ಕನ ಹೊಲಿಗೆಯಲ್ಲಿ ಮೇಲಿನ ಎಳೆ ಯಾವಾಗಲೂ ಒಂದೇ ಕಡೆಗೆ ವಾಲಿರುತ್ತಿತ್ತು. ಆ ದಿನ ಒಂದು ಎಲೆಯಲ್ಲಿ ಕೆಲವು ಅಡ್ಡಾದಿಡ್ಡಿ ವಾಲಿದ್ದವು. ಒಂದೆಡೆ ಮನೆ ತಪ್ಪಿ ಪಕ್ಕದ ಚೌಕಕ್ಕೆ ಜಾರಿದ್ದವು. ಏನೋ ಯೋಚನೆಯಲ್ಲಿದ್ದರು ಅಂದುಕೊಂಡೆ. ಬಿಚ್ಚಿ ಸರಿ ಮಾಡಿದೆ. ಇಷ್ಟೇ. ಯಾರಾದರೂ ಮಾಡುತ್ತಿದ್ದರು — ಅಲ್ಲವೇ?

ಆಮೇಲೆ ಅದು ಹೆಚ್ಚಾಯಿತು. ಹಸಿರಿನ ಜಾಗದಲ್ಲಿ ನೀಲಿ. ಜೇನಿನ ಬಣ್ಣ ಬರಬೇಕಾದ ಬಟ್ಟೆ ಕಂದಿ ಕಪ್ಪಾಗಿ ಒಲೆಯಿಂದ ಇಳಿಯಿತು. ಅವರು ಅದನ್ನು ಬಿಸಿಲಿಗೆ ಹಿಡಿದು ‘ಸಖತ್ತಾಗಿ ಬಂದಿದೆ’ ಅಂದರು. ನಾನು ಹೂಂ ಅಂದೆ. ನನ್ನ ಮಗಳು ಶಾಲೆಗೆ ಹೋದ ಮಧ್ಯಾಹ್ನಗಳಲ್ಲಿ ಮಹಡಿಯ ಬಾಗಿಲು ಹಾಕಿಕೊಂಡು, ಬೇರೆ ಬಟ್ಟೆ ತಂದು, ಸ್ಟೌವ್ ಮೇಲೆ ನಾನೇ ಬಣ್ಣ ಹಾಕಿದೆ. ಅವರ ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ. ಅವರು ದಾರವನ್ನು ಸ್ವಲ್ಪ ಬಿಗಿಯಾಗಿ ಎಳೆಯುತ್ತಿದ್ದರು. ನಾನೂ ಹಾಗೇ ಎಳೆಯಲು ಕಲಿತೆ. ನನ್ನ ಹಳದಿ ಬೆರಳು ನೋಡಿ ಗಂಡ ಕೇಳಿದಾಗ ಅರಿಶಿನ ಅಂದೆ. ಅಲ್ಲಿಗೆ ಸುಳ್ಳು ಹೇಳುವುದು ಶುರುವಾಗಿತ್ತು.

ಯಾಕೆ ಮಾಡಿದೆ? ಆ ಸೂಜಿ ಬಿಟ್ಟರೆ ಅವರು ಮತ್ತೆ ಮೂಲೆ ಸೇರುತ್ತಾರೆ ಎಂಬ ಭಯವಿತ್ತು, ಅದು ನಿಜ. ಅಂಗಡಿಯವರು ನಮ್ಮನ್ನು ಬಿಟ್ಟರೆ ನನ್ನ ಕೆಲಸವೂ ಹೋಗುತ್ತದೆ ಎಂಬುದೂ ನಿಜ. ಆದರೆ ಇನ್ನೊಂದು ಇತ್ತು, ಬರೆಯಲು ಕೈ ಹಿಂಜರಿಯುತ್ತದೆ — ಅವರ ಹೆಸರಿನಲ್ಲಿ ಹೋದ ನನ್ನ ಕೆಲಸವನ್ನು ಜನ ಹೊಗಳಿದಾಗ ಒಳಗೊಳಗೇ ಒಂದು ಖುಷಿ. ನನಗೆ ಕಲಿಸಿದವರಿಗಿಂತ ನಾನೀಗ ಚೆನ್ನಾಗಿ ಹಾಕುತ್ತೇನೆ ಎಂಬ ಖುಷಿ. ಇದರಲ್ಲಿ ಪ್ರೀತಿ ಎಷ್ಟು, ಜಂಬ ಎಷ್ಟು... ಬಿಡಿಸಿ ನೋಡಲು ಇವತ್ತಿಗೂ ಆಗಿಲ್ಲ.

ಅವರು ಒಮ್ಮೆ ಕೇಳಿಯೇ ಬಿಟ್ಟರು. ಸಂಜೆ, ಜಗಲಿಯ ಮೇಲೆ, ಸೂಜಿಗೆ ದಾರ ಪೋಣಿಸಲು ಆಗದೆ ನನ್ನ ಕೈಗೆ ಕೊಟ್ಟು ಅಂದರು: ‘ಸುಧಾ, ನಿಜ ಹೇಳು. ನನ್ನ ಕೆಲಸ ಕೆಟ್ಟಿದೆಯಾ? ಕಣ್ಣು ತೋರಿಸ್ಕೊಂಡು ಬರ್ಲಾ?’

ನಾನು ದಾರ ಪೋಣಿಸಿ ಕೊಟ್ಟೆ. ‘ಏನೂ ಕೆಟ್ಟಿಲ್ಲ ಅಕ್ಕ. ವೋಲ್ಟೇಜ್ ಕಮ್ಮಿ ಅಷ್ಟೇ. ನಂಗೂ ಕಾಣ್ತಿಲ್ಲ,’ ಅಂದೆ.

ಅವರು ನಕ್ಕರು. ಎಷ್ಟು ನಿರಾಳವಾಗಿ ನಕ್ಕರು.

ಅದಾದ ಮೇಲೆ ಅವರು ಒಂದು ದೊಡ್ಡ ಕೆಲಸ ಹಿಡಿದರು. ಗೋಡೆಗೆ ಹಾಕುವಂಥದ್ದು — ದಾಳಿಂಬೆ ಗಿಡ, ಅದರ ತುಂಬ ಗಿಣಿಗಳು. ವರ್ಷ ಕಳೆದರೂ ಮುಗಿಯಲಿಲ್ಲ. ಅವರು ಹಾಕಿದ್ದನ್ನು ಇಸ್ತ್ರಿ ಮಾಡಿ ಕೊಡುವ ನೆಪದಲ್ಲಿ ಮೇಲಕ್ಕೆ ತರುತ್ತಿದ್ದೆ, ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕಿ ಕೊಡುತ್ತಿದ್ದೆ. ಮುಗಿದ ಮೇಲೆ ಅದರ ಮೇಲೆ ಕೈಯಾಡಿಸಿ, ‘ಇದನ್ನ ಮಾರಲ್ಲ ಕಣೆ,’ ಅಂದರು.

ಆಮೇಲೊಂದು ಬೆಳಿಗ್ಗೆ ಕಾಫಿ ಸೋಸುವಾಗ ಲೋಟದ ಪಕ್ಕಕ್ಕೆ ಸುರಿದು ಕಾಲು ಸುಟ್ಟುಕೊಂಡರು. ಒಂದು ಕಣ್ಣಿನ ತುಂಬ ಹೊಗೆ ಎಂದರು. ಆಟೋದಲ್ಲಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಇಳಿದು, ರಕ್ತ ಸೋರಿದೆ ಎಂದರು ಡಾಕ್ಟರು. ಅವರಿಗೆ ಸಕ್ಕರೆ ಕಾಯಿಲೆ ಇದೆ ಎಂಬುದೇ ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ.

‘ಮುಂಚೇನೇ ಬಂದಿದ್ರೆ ಲೇಸರ್‌ನಲ್ಲಿ ತಡೀಬಹುದಿತ್ತು. ಕೆಲಸ ಮಾಡುವಾಗ ನಿಮಗೆ ಏನೂ ಗೊತ್ತಾಗ್ಲಿಲ್ವಾ ಅಮ್ಮ?’

‘ಇಲ್ಲ ಸಾರ್. ಹೊಲಿಗೇಲಿ ಒಂದು ಮನೆ ತಪ್ಪಿಲ್ಲ ನಾನು. ಬೇಕಾದ್ರೆ ಇವಳನ್ನ ಕೇಳಿ.’

ಡಾಕ್ಟರು ನನ್ನ ಕಡೆ ನೋಡಿದರು. ಆಗಲಾದರೂ ಹೇಳಬಹುದಿತ್ತು. ‘ಹೌದು ಡಾಕ್ಟ್ರೇ, ತಪ್ಪಿಲ್ಲ,’ ಎಂದೆ.

ಮುಂದೆ ಎರಡನೇ ಕಣ್ಣೂ ಹೋಯಿತು. ನಾವು ಜೆ.ಪಿ. ನಗರಕ್ಕೆ ಮನೆ ಬದಲಾಯಿಸಿದೆವು. ಗಿರಿಜಕ್ಕ ಗಿಣಿಗಳ ಬಟ್ಟೆಯನ್ನು ನಡುಮನೆಯಲ್ಲಿ ಗಾಜು ಹಾಕಿಸದೆ ತೂಗುಹಾಕಿಸಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರು — ‘ಕಣ್ಣು ಹೋಗೋ ಮುಂಚೆ ನಾನು ಹಾಕಿದ ಕೊನೇದು’ ಎಂದು. ನಾನು ಅಲ್ಲೇ ಕೂತು ಕೇಳುತ್ತಿದ್ದೆ. ಹೇಳಿದರೆ ಅವರಿಗೆ ಉಳಿದಿರುವ ಈ ಹೆಮ್ಮೆಯನ್ನೂ ಕಸಿದ ಹಾಗೆ. ಹೇಳದಿದ್ದರೆ... ಹೀಗೆ ಯೋಚಿಸುತ್ತಲೇ ವರ್ಷಗಳನ್ನು ಕಳೆದೆ. ಅವರ ಹಿತಕ್ಕಾಗಿ ಸುಮ್ಮನಿದ್ದೆನೋ, ನನ್ನ ಹಿತಕ್ಕಾಗಿಯೋ, ಈಗ ಕೇಳಿದರೂ ತಿಳಿಯದು.

ಕೊನೆಗೆ ಹೇಳಿದೆ. ಬೇಸಿಗೆಯ ಒಂದು ಮಧ್ಯಾಹ್ನ, ಮನೆಯಲ್ಲಿ ಅವರೊಬ್ಬರೇ ಇದ್ದರು. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. ದಿಂಬಿನ ಕವರು, ಬಣ್ಣ, ಗಿಣಿ, ಡಾಕ್ಟರು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿ ಮುಗಿಸಿದೆ.

ಗಿರಿಜಕ್ಕ ಬೈಯಲಿಲ್ಲ. ಅಳಲಿಲ್ಲ.

‘ನಾನು ಕೇಳಿದ್ನಲ್ಲ ನಿನ್ನ,’ ಅಂದರು.

‘ಕೇಳಿದ್ರಿ ಅಕ್ಕ.’

ಅವರು ಎದ್ದು ಗೋಡೆ ಸವರಿಕೊಂಡು ಹೋಗಿ ಬಟ್ಟೆಯ ಮೇಲೆ ಅಂಗೈ ಇಟ್ಟರು. ‘ಇದ್ರಲ್ಲಿ ನಂದು ಯಾವುದು? ತೋರ್ಸು.’

ಅವರ ಬೆರಳು ಹಿಡಿದೆ. ಒಂದು ಗಿಣಿಯ ರೆಕ್ಕೆಯ ಮೇಲೆ ಇಟ್ಟೆ, ತೆಗೆದೆ. ಇನ್ನೊಂದರ ಕೊಕ್ಕು. ಕೆಳಗಿನ ಎಲೆ. ಎಲ್ಲ ಒಂದೇ ಕಡೆ ವಾಲಿದ ಹೊಲಿಗೆ, ಎಲ್ಲ ಒಂದೇ ಬಿಗಿ. ನನಗೇ ಗುರುತು ಸಿಗಲಿಲ್ಲ. ಅವರ ಕೈಯನ್ನು ಅಷ್ಟು ಚೆನ್ನಾಗಿ ಅನುಕರಿಸಿ, ಎಲ್ಲಿ ಅವರು ಮುಗಿದು ಎಲ್ಲಿ ನಾನು ಶುರುವಾದೆ ಎಂಬುದನ್ನೇ ಅಳಿಸಿಬಿಟ್ಟಿದ್ದೆ.

‘ಗೊತ್ತಾಗ್ತಿಲ್ಲ ಅಕ್ಕ,’ ಅಂದೆ.

ಅವರು ಬೆರಳನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ‘ನೀನು ಈಗ ಹೊರಡು,’ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮುಂದಿನ ವಾರ ಹೋದಾಗ ಬಾಗಿಲು ತೆಗೆದರು, ಕೂರಿಸಿದರು, ಮಗಳ ಓದಿನ ಬಗ್ಗೆ ಕೇಳಿದರು. ಬಟ್ಟೆ ಗೋಡೆಯ ಮೇಲಿರಲಿಲ್ಲ. ಎಲ್ಲಿದೆ ಎಂದು ನಾನು ಕೇಳಿಲ್ಲ. ಕೇಳುವ ಹಕ್ಕು ನನಗಿಲ್ಲ. ಈಗಲೂ ಹೋಗುತ್ತೇನೆ. ಬರಬೇಡ ಎಂದು ಅವರು ಹೇಳಿಲ್ಲ, ಬಾ ಎಂದೂ ಹೇಳಿಲ್ಲ.